ನೀಲವ್ವನ ಶಾವಿಗೆ, ನನ್ನ ಸರ್ವರ್

ಇನ್ನೊಬ್ಬರು ಮಾಡಿಟ್ಟದ್ದನ್ನು ಸಂಕೋಚವಿಲ್ಲದೆ ಎತ್ತಿಕೊಂಡು ಬಳಸುವುದಕ್ಕೂ ಒಂದು ದೊಡ್ಡ ಮನಸ್ಸು ಬೇಕು. ಅದನ್ನು ದೇವರು ನನಗೆ ಕೊಡಲಿಲ್ಲ. ಅಂಗಡಿಯಲ್ಲಿ ಹೊಲಿದ ಅಂಗಿಗಳು ಸಾಲಾಗಿ ತೂಗುತ್ತಿದ್ದರೂ ಬಟ್ಟೆ ಕೊಂಡು, ದರ್ಜಿಯ ಮುಂದೆ ನಿಂತು ಅವನಿಗೇ ಕಾಲರಿನ ಪಾಠ ಹೇಳಿ, ಕೊನೆಗೆ ಕುತ್ತಿಗೆ ಹಿಡಿಯುವ ಅಂಗಿ ತೊಟ್ಟು ತಿರುಗುವವರ ಪೈಕಿ ನಾನು. ನಲ್ಲಿ ಸೋರಿದರೆ ನಾನೇ ಬಿಚ್ಚುತ್ತೇನೆ. ಆಮೇಲೆ ಅಡುಗೆಮನೆ ಈಜುವಷ್ಟಾಗುತ್ತದೆ. "ನಿಮಗ ಕೈ ಕಟ್ಟಿ ಕೂಡೂದೊಂದು ಕಲಿಸಲಿಲ್ಲ ನೋಡ್ರಿ ನಿಮ್ಮವ್ವ" ಎಂದು ನನ್ನ ಹೆಂಡತಿ ಶಾಂತಾ ಬಕೆಟ್ ತರುತ್ತಾಳೆ.

ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಮಾಸ್ತರ. ಬೇಸಿಗೆ ಬಂತೆಂದರೆ ಶಾವಿಗೆ ಹೊಸೆದು ಒಣಗಿಸಲು ನಮ್ಮ ಓಣಿಯ ಹೆಂಗಸರೆಲ್ಲ ನಮ್ಮ ಮಾಳಿಗೆಯ ಮೇಲೆ. ಓಣಿಯಲ್ಲೆಲ್ಲ ಅಗಲವಾದ ಮಾಳಿಗೆ ನಮ್ಮದೇ, ನೆರಳಿಲ್ಲ, ಗಾಳಿ ಚೆನ್ನಾಗಿದೆ. ಈ ಸಲ ಮುಂದಾಳು ಪಕ್ಕದ ಮನೆಯ ನೀಲವ್ವ. ಅವರ ಒಬ್ಬಳೇ ಮಗಳನ್ನು ಸುರಪುರಕ್ಕೆ ಕೊಟ್ಟಿದ್ದಾರೆ, ಅವಳು ಈಗ ಚೊಚ್ಚಲ ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನಿಂದ ಶಾವಿಗೆಯ ಬುಟ್ಟಿ ಹೋಗಬೇಕು. ಅಂಗಡಿಯ ಶಾವಿಗೆ ನಡೆಯುವುದಿಲ್ಲ. ಮಣೆಯ ಮೇಲೆ ಕೈಯಿಂದ ಹೊಸೆದದ್ದೇ ಆಗಬೇಕು, ಎಳೆ ಕೂದಲಿನಂತಿರಬೇಕು, ಬೀಗಿತಿ ಬೆಳಕಿಗೆ ಹಿಡಿದು ನೋಡುತ್ತಾಳೆ. ನೀಲವ್ವನಿಗಿದ್ದ ಚಿಂತೆ ಒಂದೇ, ಅಕಾಲದ ಮಳೆ. ಆಗ ನಾನು ನಡುವೆ ಬಾಯಿ ಹಾಕಿದೆ. "ಅಕ್ಕಾರ, ಇನ್ನ ಮ್ಯಾಲ ನೀವು ಆಕಾಶ ನೋಡಬ್ಯಾಡ್ರಿ, ಫೋನ್ ನೋಡ್ರಿ" ಎಂದುಬಿಟ್ಟೆ.

ವಿಷಯ ಸುಲಭ. ಹವಾಮಾನ ಹೇಳುವ ಜಾಲತಾಣಗಳಿವೆ. ನಮ್ಮ ಪ್ರೋಗ್ರಾಮ್ ಹೋಗಿ ಕೇಳಲಿ ಎಂದು ಅವರೊಂದು ಕಿಟಕಿ ತೆರೆದಿಟ್ಟಿರುತ್ತಾರೆ, ಅದಕ್ಕೆ ಎಪಿಐ ಎನ್ನುತ್ತಾರೆ. ನನ್ನ ಸರ್ವರಿನಲ್ಲಿ ಕುಳಿತ ಪ್ರೋಗ್ರಾಮ್ ಆಗಾಗ ಆ ಕಿಟಕಿಗೆ ಹೋಗಿ "ಶಹಾಪುರದಾಗ ಮಳಿ ಅದ ಏನು?" ಎಂದು ಕೇಳಿ, ಬಂದ ಉತ್ತರವನ್ನು ಓಣಿಯ ಫೋನುಗಳಿಗೆ ಕಳಿಸಬೇಕು, ಅಷ್ಟೆ. ಆದರೆ ಆ ಕಿಟಕಿಯ ಮುಂದೆ ಹೇಗೆ ನಿಲ್ಲಬೇಕು, ಗುರುತು ಹೇಗೆ ತೋರಿಸಬೇಕು, ಏನೆಂದು ಕೇಳಬೇಕು ಎಂಬುದಕ್ಕೆಲ್ಲ ರೀತಿ ರಿವಾಜು ಇದೆ. ಅದನ್ನೆಲ್ಲ ಬಲ್ಲವರು ಮೊದಲೇ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಪುಕ್ಕಟೆ ಇಟ್ಟ ಕೋಡೂ ಇದೆ. ಅದೇ ಕ್ಲೈಂಟ್ ಲೈಬ್ರರಿ. ಯಾದಗಿರಿಯಲ್ಲಿ ಇದೇ ಉದ್ಯೋಗದಲ್ಲಿರುವ ನನ್ನ ಗೆಳೆಯ ಮಹಬೂಬ ಫೋನಿನಲ್ಲಿ ಹೇಳಿಯೂ ಹೇಳಿದ: "ಸರ್, ಲೈಬ್ರರಿ ತಯಾರ್ ಅದ. ಹಾಕ್ಕೊಂಡು ಆರಾಮ್ ಇರ್ರಿ. ಖಾಲಿಪೀಲಿ ತ್ರಾಸ್ ಯಾಕ ತಗೋತೀರಿ?"

"ಮಳಿ ಅದ ಏನು ಅಂತ ಕೇಳಾಕ ನಡುವ ಒಬ್ಬ ದಲಾಲ್ ಯಾಕಪಾ?" ಎಂದು ನಾನೇ ಬರೆಯಲು ಕುಳಿತೆ.

ಬರೆದೆ. ಮೂರು ಕಪ್ ಚಹಾ ತಣ್ಣಗಾದವು. ಬರೆಯುವಾಗ ನನ್ನ ಬುದ್ಧಿಯೊಂದೇ ಅಲ್ಲ, ನಾನು ಬೆಳೆದ ರೀತಿಯೂ ಅದರಲ್ಲಿ ಇಳಿಯಿತೆಂದು ಕಾಣುತ್ತದೆ. ನಮ್ಮ ಕಡೆ ಉಣ್ಣುವವನು "ಸಾಕ್ರಿ" ಎಂದರೆ ಅದು ನಾಚಿಕೆ ಎಂದೇ ಅರ್ಥ. ಕೈ ಅಡ್ಡ ಹಿಡಿದರೆ ಬೆರಳ ಸಂದಿನಿಂದಾದರೂ ತುಪ್ಪ ಸುರಿಯಬೇಕು. ಹಾಗಾಗಿ ಆ ಕಡೆಯ ಸರ್ವರ್ ಸಾಕೆಂದರೆ ತಕ್ಷಣ ಮತ್ತೆ ಕೇಳು, ಕೊಡುವವರೆಗೂ ಕೇಳು ಎಂದು ಬರೆದೆ. ಇನ್ನೊಂದು, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹೊಸ ಉತ್ತರ ಸಿಗದಿದ್ದರೆ ಹಳೆಯ ಉತ್ತರವನ್ನಾದರೂ ಕೊಟ್ಟು ಕಳಿಸು ಎಂದೂ ಬರೆದೆ. ಎಂಥ ಸಂಸ್ಕಾರವಂತ ಪ್ರೋಗ್ರಾಮ್ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಶಾವಿಗೆ ಹೊಸೆದ ದಿನ ಮಧ್ಯಾಹ್ನ ಶಿರವಾಳದ ಕಡೆಯಿಂದ ಮೋಡ ಎದ್ದಿತು. ಕೋಲುಗಳ ಮೇಲೆ ಹಸಿ ಶಾವಿಗೆ ತೂಗುತ್ತಿತ್ತು. ನೀಲವ್ವ ಮೇಲೆ ನೋಡಿದರು, ಫೋನ್ ನೋಡಿದರು, ಮಾಳಿಗೆಯ ಅಂಚಿಗೆ ಬಂದು ಕೂಗಿದರು. "ಮಾಸ್ತರ್ರ, ಮ್ಯಾಲ ಕರ್ರಗಾಗ್ಯದ. ಫೋನಿನಾಗ ಬಿಸಿಲು ಅಂತ ಬಂದದ. ಎತ್ತಬೇಕೋ, ಬಿಡಬೇಕೋ?"

"ಬಿಡ್ರಿ ಅಕ್ಕಾರ, ಸೈನ್ಸ್ ಅದ ಅದು!" ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮಳೆ ಬಕೆಟ್ ಮಗುಚಿದಂತೆ ಬಂತು. ಹೆಂಗಸರು ಕೋಲು ಹಿಡಿದು ಓಡಿದರು, ಶಾಂತಾ ಜಾರಿ ಬಿದ್ದಳು, ನಾನು ಹಾಸಿಗೆಯ ಚಾದರ ತಂದು ಯಾರ ಮೇಲೆ ಹಿಡಿಯಬೇಕೆಂದು ತಿಳಿಯದೆ ನನ್ನ ತಲೆಯ ಮೇಲೇ ಹಿಡಿದು ನಿಂತೆ. ಅದೇ ಹೊತ್ತಿಗೆ ಎಲ್ಲರ ಫೋನುಗಳೂ ಒಟ್ಟಿಗೇ ಸದ್ದು ಮಾಡಿದವು: "ಶಹಾಪುರದಲ್ಲಿ ಬಿಸಿಲು ಇದೆ. ನಿಶ್ಚಿಂತೆಯಿಂದಿರಿ."

ನೀಲವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಟುಗಂಟಾದ ಶಾವಿಗೆಯನ್ನು ಉಡಿಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತು, "ಇದನ್ನ ಒಯ್ದು ಬೀಗರ ಮುಂದ ಹೆಂಗ ಇಡಲಿ? ಮಗಳು ತಲಿ ತಗ್ಗಸಬೇಕಾಗ್ತದ" ಎಂದರು. ಕುಬಸ ಹತ್ತಿರದಲ್ಲಿತ್ತು, ಇನ್ನೊಂದು ಸಲ ಹೊಸೆದು ಒಣಗಿಸುವಷ್ಟು ಮಾತ್ರ ಸಮಯವಿತ್ತು.

ಮರುದಿನ ಬೆಳಿಗ್ಗೆಯೇ ಮಹಬೂಬ ಮೋಟಾರ್ ಸೈಕಲ್ ಹತ್ತಿ ಬಂದ. ನನ್ನ ಸರ್ವರಿನ ಜಾತಕ ತೆಗೆದು ನೋಡಿ ಹೊಟ್ಟೆ ಹಿಡಿದು ನಕ್ಕ. "ಅವ್ರು ಸಾಕು, ಜರಾ ತಡದು ಬರ್ರಿ ಅಂತ ಸಾರಿ ಸಾರಿ ಹೇಳ್ಯಾರ ಸರ್. ನೀವು ಹೋಳಿಗಿ ನೀಡಿದಂಗ ಬೆನ್ನ ಹತ್ತೀರಿ. ಕಡೀಕ ಬಾಗಿಲಾ ಹಾಕ್ಕೊಂಡಾರ." ಬಾಗಿಲು ಹಾಕಿಕೊಂಡ ಮೇಲೆ ನನ್ನ ಪ್ರೋಗ್ರಾಮ್ ಬೆಳಗಿನ ಬಿಸಿಲನ್ನೇ ಮಳೆಯಲ್ಲಿ ಹಂಚಿತ್ತು. ಆ ತಾಣದವರಿಗೆ ಕ್ಷಮೆ ಕೇಳಿ ಬರೆದೆವು, ಪುಣ್ಯಾತ್ಮರು ಸಂಜೆಯೊಳಗೆ ಬಾಗಿಲು ತೆರೆದರು.

ಮಹಬೂಬ ಲೈಬ್ರರಿ ಹಾಕಿದ. ನಾನು ಪುಟಗಟ್ಟಲೆ ಬರೆದದ್ದು ಅಂಗೈಯಲ್ಲಿ ಬರೆಯುವಷ್ಟಾಯಿತು. ಕುತೂಹಲಕ್ಕೆ ಅದರ ಒಳಗೆ ಇಣುಕಿದೆ. ಅಬ್ಬಾ! ತಡೆಯಿರಿ ಎಂದರೆ ತಡೆಯುತ್ತದೆ, ಎಷ್ಟು ಹೊತ್ತು ಎಂದು ಅವರು ಹೇಳಿದ್ದನ್ನು ಓದುತ್ತದೆ, ಮತ್ತೆ ಇಲ್ಲವೆಂದರೆ ಇನ್ನಷ್ಟು ಸಾವಕಾಶ ಹೋಗುತ್ತದೆ. ಉತ್ತರ ಸಿಗಲೇ ಇಲ್ಲವೋ, ಸಿಗಲಿಲ್ಲ ಎಂದು ನೇರ ಹೇಳುತ್ತದೆ. ಗೊತ್ತಿಲ್ಲ ಎಂದು ಹೇಳುವುದು ನನಗೇ ಬರುವುದಿಲ್ಲ, ನನ್ನ ಪ್ರೋಗ್ರಾಮಿಗೆ ಎಲ್ಲಿಂದ ಬರಬೇಕು? ಯಾವುದೋ ದೇಶದ, ಯಾವುದೋ ಊರಿನ ಮಂದಿ, ಶಹಾಪುರವೆಂಬುದು ಎಲ್ಲಿದೆ ಎಂದೂ ಗೊತ್ತಿಲ್ಲದವರು, ನನ್ನಂಥವನೊಬ್ಬ ಹೀಗೆಲ್ಲ ಎಡವುತ್ತಾನೆಂದು ಮೊದಲೇ ಯೋಚಿಸಿ ದಾರಿಯ ಕಲ್ಲು ಆರಿಸಿಟ್ಟಿದ್ದರು. ನಿಜ ಹೇಳುತ್ತೇನೆ, ನನಗೆ ಕೈ ಮುಗಿಯಬೇಕೆನಿಸಿತು.

ಎರಡನೆಯ ಸಲ ಶಾವಿಗೆ ತೂಗುಹಾಕಿದ ದಿನ ಸುಡುಸುಡು ಬಿಸಿಲು. ಊಟದ ಹೊತ್ತಿಗೆ ಫೋನ್ ಸದ್ದಾಯಿತು: "ಇನ್ನು ಸ್ವಲ್ಪ ಹೊತ್ತಿಗೆ ಮಳೆ ಬರಬಹುದು." ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಸುಮ್ಮನೆ ಎತ್ತಿಸಿದರೆ ಹಸಿ ಎಳೆ ಮುರಿಯುತ್ತವೆ, ಬಿಟ್ಟರೆ ತೊಯ್ಯುತ್ತವೆ.

ನೀಲವ್ವ ಕೆಳಗೆ ಬಂದು ನನ್ನ ಮುಖ ನೋಡಿದರು. "ಮಾಸ್ತರ್ರ, ಖರೇ ಹೇಳ್ರಿ. ಇದು ನೀವು ಬರದದ್ದು ಹೇಳಾಕತ್ತದೋ, ಆ ಮಂದಿ ಬರದದ್ದು ಹೇಳಾಕತ್ತದೋ?"

"ಆ ಮಂದೀದು, ಅಕ್ಕಾರ."

"ಹಾಂಗಾದ್ರ ಎತ್ತತೀವಿ" ಎಂದು ಸೆರಗು ಸಿಕ್ಕಿಸಿಕೊಂಡು ಮೇಲೆ ಹೋದರು. ಒಂದೊಂದೇ ಕೋಲು ಕೂಸನ್ನು ತಂದಂತೆ ಒಳಗೆ ತಂದರು. ಕೊನೆಯ ಕೋಲು ಒಳಗೆ ಬಂದು ಅವರು ನೀರು ಕುಡಿಯುವಷ್ಟರಲ್ಲಿ ಹನಿ ಬಿತ್ತು. ನಾನು ಮಾಳಿಗೆಯ ಬಾಗಿಲಲ್ಲಿ ನಿಂತು ಹುಡುಗನ ಹಾಗೆ ನಕ್ಕೆ.

ಕುಬಸ ಚೆನ್ನಾಗಿ ಆಯಿತಂತೆ. ಬೀಗಿತಿ ಎಳೆಯನ್ನು ಬೆಳಕಿಗೆ ಹಿಡಿದು, "ಕೈ ಛಲೋ ಅದ ನಿಮ್ಮದು" ಎಂದರಂತೆ. ಸುರಪುರದಿಂದ ಬಂದವರೇ ನೀಲವ್ವ ಶಾವಿಗೆಯ ಎರಡು ಗಂಟು ಹಿಡಿದು ನಮ್ಮ ಮನೆಗೆ ಬಂದರು. "ಅದನ್ನ ಬರದವರ ಊರು ಯಾವುದ್ರಿ?" ಎಂದು ಕೇಳಿದರು. ಗೊತ್ತಿಲ್ಲ, ಹತ್ತಾರು ಮಂದಿ ಎಲ್ಲೆಲ್ಲೋ ಇದ್ದಾರೆ ಎಂದೆ. ನೀಲವ್ವ ಶಾಂತಾಳ ಕೈಗೆ ದೊಡ್ಡ ಗಂಟು ಕೊಟ್ಟು, "ಇದು ಅವರ ಪಾಲು. ಎಂದಾದ್ರೂ ಈ ಕಡೆ ಬಂದ್ರ ಹಾಲು ಸಕ್ರಿ ಹಾಕಿ ಮಾಡಿಕೊಡ್ರಿ. ಮಾಸ್ತರ್ರನ್ನ ಮುಟ್ಟಗೊಡಬ್ಯಾಡ್ರಿ" ಎಂದರು. ಶಾಂತಾ ಅದನ್ನು ಡಬ್ಬಿಯಲ್ಲಿ ತುಂಬಿ ನನ್ನ ಕೈಗೆ ಎಟುಕದ ಕಪಾಟಿನಲ್ಲಿಟ್ಟಿದ್ದಾಳೆ.

ಇನ್ನೊಂದು ಗಂಟು ನನ್ನದು. ಮೊದಲ ಮಳೆಯಲ್ಲಿ ತೊಯ್ದು, ಮತ್ತೆ ಒಣಗಿ, ತುಸು ಹುಳಿ ವಾಸನೆ ಹಿಡಿದ ಆ ಗಂಟುಗಂಟಾದ ಶಾವಿಗೆ. ದಿನಾ ಬೆಳಿಗ್ಗೆ ಶಾಂತಾ ಅದರ ಉಪ್ಪಿಟ್ಟು ಮಾಡಿ ನನ್ನ ಮುಂದಿಡುತ್ತಾಳೆ. "ತಿನ್ರಿ, ನೀವ ಸ್ವಂತ ಬರದದ್ದು" ಎನ್ನುತ್ತಾಳೆ. ತಿನ್ನುತ್ತಿದ್ದೇನೆ. ಇನ್ನೂ ಅರ್ಧ ಗಂಟು ಉಳಿದಿದೆ.