ಹೊರಡುತ್ತೇನೆ ಎಂದವನ ಐದು ನಿಮಿಷ

ನಮ್ಮ ಪಕ್ಕದ ಮನೆಯಾತನಿಗೆ ಬಾರದ ವಿದ್ಯೆಯಿಲ್ಲ, ಹೊರಡುವುದೊಂದನ್ನು ಬಿಟ್ಟು! ಸ್ಯಾನ್ ಡಿಯೇಗೋದ ಕಾರ್ಮೆಲ್ ವ್ಯಾಲಿಯ ನಮ್ಮ ಮನೆಗೆ ಊಟಕ್ಕೆ ಬಂದರೆ ಉಣ್ಣಲು ಅರ್ಧ ಗಂಟೆ, "ಹೊರಡ್ತೀನಿ" ಎಂದ ಮೇಲೆ ಒಂದು ಗಂಟೆ. ಸೋಫಾದಿಂದ ಏಳುತ್ತ ಒಂದು ಕಥೆ, ಶೂ ಹಾಕಿಕೊಳ್ಳುತ್ತ ಒಂದು, ಕಾರಿನ ಕಿಟಕಿ ಇಳಿಸಿ ಮತ್ತೊಂದು. ಪಕ್ಕದ ಮನೆಗೆ ಹೋಗಲು ಕಾರೇಕೆ ಎನ್ನುತ್ತೀರಾ? ಕಾರಿತ್ತು ಎಂಬುದು ನನ್ನ ನೆನಪು. ಇರಲಿಲ್ಲ ಎಂಬುದು ನನ್ನ ಹೆಂಡತಿಯ ನೆನಪು. ಕಿಟಕಿ ಇಳಿದದ್ದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಬಾಗ್ದಾದಿನಲ್ಲಿ ಹುಟ್ಟಿ ಆರನೇ ವಯಸ್ಸಿಗೆ ಅಮೆರಿಕಕ್ಕೆ ಬಂದ ಈತ ವಾರವಿಡೀ ಫಾರ್ಮಸಿಸ್ಟ್, ರಜೆಯ ದಿನ ಸ್ಟ್ಯಾಂಡ್-ಅಪ್ ಕಾಮಿಡಿಯನ್. ಅರಬ್ ಮೂಲದ ಹಾಸ್ಯಗಾರರ ಒಂದು ಗುಂಪು ಸ್ಯಾನ್ ಡಿಯೇಗೋದಲ್ಲೂ ಲಾಸ್ ಏಂಜಲಿಸ್‌ನಲ್ಲೂ ಶೋ ಮಾಡುತ್ತದೆ. ಒಬ್ಬೊಬ್ಬರಿಗೆ ಐದು ನಿಮಿಷ. ಎದುರಿನ ಗೋಡೆಯಲ್ಲಿ ಕೆಂಪು ದೀಪ ಹತ್ತಿದರೆ ಇಳಿಯಬೇಕು. ನಮ್ಮ ಮಹಾಶಯ ಇಳಿಯುವುದುಂಟೇ?

ಕೋವಿಡ್ ಕಾಲದಲ್ಲಿ ಪಾರ್ಕಿಂಗ್ ಲಾಟ್‌ನಲ್ಲಿ ಶೋ. ಜನ ಕಾರಿನೊಳಗೇ ಕೂತು, ನಗು ಬಂದಾಗ ಹಾರ್ನ್ ಹೊಡೆಯಬೇಕು. ಐದು ನಿಮಿಷ ಹತ್ತಾಯಿತು. ಇನ್ನಾದರೂ ಇಳಿಯಯ್ಯಾ ಎಂದು ನಲವತ್ತು ಕಾರುಗಳು ಒಟ್ಟಿಗೆ ಹಾರ್ನ್ ಹೊಡೆದವು. ಈತ ಎದೆಯ ಮೇಲೆ ಕೈಯಿಟ್ಟು ಬಾಗಿ, ಅಭಿಮಾನಿಗಳಿಗಾಗಿ ಇನ್ನೂ ಹತ್ತು ನಿಮಿಷ ಮಾತಾಡಿದ!

ಇನ್ನೊಂದು ಶೋದಲ್ಲೂ ಹೀಗೇ ಆದಾಗ, ಶೋ ನಡೆಸುವ ಈಜಿಪ್ಟ್ ಮೂಲದ ಹಾಸ್ಯಗಾರ್ತಿ ಹೇಳಿಬಿಟ್ಟಳು: "ಕಲ್ವರ್ ಸಿಟಿಯ ಭಾನುವಾರದ ಮ್ಯಾಟಿನಿ ನಿನ್ನ ಕೊನೇ ಚಾನ್ಸ್. ದೀಪ ಹತ್ತಿದ ಮೇಲೂ ಸ್ಟೇಜ್ ಮೇಲಿದ್ರೆ ಮತ್ತೆ ಕರೆಯಲ್ಲ."

ಅಂದು ನಮ್ಮ ಮನೆಗೆ ಬಂದವನು ಒಂದು ಜೋಕೂ ಹೇಳಲಿಲ್ಲ. "ಆ ಐದು ನಿಮಿಷ ಹೋದ್ರೆ ನಾನು ಬರೀ ಮಾತ್ರೆ ಎಣಿಸೋನು" ಎಂದ.

ಅಭ್ಯಾಸಕ್ಕೆ ನಮ್ಮ ಹಾಲೇ ಸ್ಟೇಜಾಯಿತು. ಧಾರವಾಡದವಳಾದ ನನ್ನ ಹೆಂಡತಿ ಫೋನಿನ ಟಾರ್ಚ್ ಹಿಡಿದು ಕೆಂಪು ದೀಪವಾದಳು. ಜೋಕುಗಳು ನಾಲ್ಕೇ ನಿಮಿಷಕ್ಕೆ ಮುಗಿದವು. ಆಮೇಲೆ ಶುರುವಾಯಿತು: ಬಂದದ್ದಕ್ಕೆ ಥ್ಯಾಂಕ್ಸ್, ದೇವರು ಚೆನ್ನಾಗಿಟ್ಟಿರಲಿ, ನಿಮ್ಮ ತಾಯಿಯ ಮಂಡಿನೋವು ಹೇಗಿದೆ...

"ಜೋಕ್ ನಾಕು ನಿಮಿಷ, ಬೈ ಹೇಳೂದು ಹನ್ನೊಂದು" ಎಂದಳು ಇವಳು. "ಜೋಕ್ ಬಿಡ್ರಿ. ಬೈ ಹೇಳೂದನ್ನೇ ಮಾಡ್ರಿ."

"ಅಣಕಿಸ್ತಿದೀರಾ?"

"ಹೌದ್ರೀ. ಆದ್ರ ನನಗ ನಗು ಬಂದದ್ದೂ ಅಲ್ಲೇ."

ಇದನ್ನೆಲ್ಲ ಇವಳು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪು ಮಾತ್ರ ಧಾರವಾಡಕ್ಕೆ ಹೋಗಿ ಕುಳಿತಿದೆ, ಎಬ್ಬಿಸಿದರೂ ಏಳುತ್ತಿಲ್ಲ.

ಭಾನುವಾರ ಮಧ್ಯಾಹ್ನ, ಲಾಸ್ ಏಂಜಲಿಸ್ ಪಕ್ಕದ ಕಲ್ವರ್ ಸಿಟಿಯ ಹಾಲ್ ತುಂಬ ಲೆಬನಾನಿನವರು, ಇರಾಕಿನವರು, ಈಜಿಪ್ಟಿನವರು, ಮೂಲೆಯಲ್ಲಿ ಕನ್ನಡದವರು ನಾವಿಬ್ಬರು. ಆತ ಮೈಕ್ ಹಿಡಿದು ಆಡಿದ ಮೊದಲ ಮಾತು: "ಸರಿ, ನಾನಿನ್ನು ಹೊರಡ್ತೀನಿ."

ಯಾರೋ ಕಿಸಕ್ಕೆಂದರು. ಆತ ಕದಲಲಿಲ್ಲ. ಇಲ್ಲದ ಬೀಗದ ಕೈ ಹುಡುಕಿದ. ಶೂ ಹಾಕಿದ, ಬಿಚ್ಚಿದ. ಇಲ್ಲದ ಬಾಗಿಲಲ್ಲಿ ಇಲ್ಲದ ಅತ್ತೆ ಕೊಟ್ಟ ಅನ್ನದ ಡಬ್ಬಿ ಬೇಡವೆಂದ, ಬೇಡವೇ ಬೇಡವೆಂದ, ಎರಡು ತೆಗೆದುಕೊಂಡ. "ನಮ್ಮಪ್ಪ ಎಷ್ಟೊತ್ತಿಂದ ಕಾರಲ್ಲಿ ಕಾಯ್ತಿದಾರೆ ಅಂದ್ರೆ, ಅವರಿಗೆ ಪೋಸ್ಟ್ ಈಗ ಅಲ್ಲಿಗೇ ಬರುತ್ತೆ." ಮುಂದಿನ ಸಾಲಿನ ಅಜ್ಜಿಯೊಬ್ಬರು ಮಗನ ತೋಳಿಗೆ ಗುದ್ದಿ ಗುದ್ದಿ ನಕ್ಕರು.

ಕೆಂಪು ದೀಪ ಹತ್ತಿತು. ನನ್ನ ಹೆಂಡತಿ ನನ್ನ ಮಣಿಕಟ್ಟು ಹಿಡಿದಳು. ಹಾಲ್ ಪೂರಾ ಹೋಗಬೇಡ ಎಂದು ಕೂಗುತ್ತಿತ್ತು, ನಲವತ್ತು ಕಾರುಗಳು ಇಳಿ ಎಂದಿದ್ದ ಮನುಷ್ಯನಿಗೆ! ಆತ ಜನರನ್ನು ನೋಡಿದ, ದೀಪ ನೋಡಿದ, ಇಳಿದೇಬಿಟ್ಟ.

ಈಜಿಪ್ಟಿನಾಕೆ ನಗುತ್ತಲೇ ಮೈಕಿಗೆ ಬಂದಳು. "ಮುಂದಿನ ಸಲ ಇವನಿಗೆ ಹತ್ತು ನಿಮಿಷ" ಎಂದು ಎಲ್ಲರೆದುರೇ ಹೇಳಿದಳು.

ಮರುದಿನ ಸಂಜೆ ಖರ್ಜೂರ ತುಂಬಿದ ಬಿಸ್ಕತ್ತು ತಂದ. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಎಂದಿನಂತೆ ನಿಂತ.

"ನಿನ್ನೆ ಸ್ಟೇಜಿಂದ ಅಷ್ಟು ಲಗೂ ಇಳಿದ್ರಿ. ಇಲ್ಲೆ ಯಾಕ ಆಗಂಗಿಲ್ಲ?" ಎಂದು ಕೆಣಕಿದಳು ಇವಳು.

ಆತ ಲೇಸು ಕಟ್ಟುತ್ತಲೇ ಹೇಳಿದ: "ಬಾಗ್ದಾದ್ ಬಿಡೋ ದಿನ ಯಾರಿಗೂ ಹೇಳ್ಬೇಡ ಅಂದಿದ್ರು ಅಪ್ಪ. ಪಕ್ಕದ ಮನೆ ಆಂಟಿ ಗೇಟಲ್ಲಿ ನಿಂತು, ಎಲ್ಲಿಗಪ್ಪಾ ಅಂದ್ರು. ಅಜ್ಜಿ ಮನೆಗೆ, ಸಂಜೆ ಬರ್ತೀವಿ ಅಂದೆ. ಬಿಸಿ ರೊಟ್ಟಿ ಎತ್ತಿಟ್ಟಿರ್ತೀನಿ ಅಂದ್ರು."

ಹೆಂಡತಿ ಒಳಗೆ ಹೋದಳು. ಒಂದೊಂದಾಗಿ ಮೂರು ಕುರ್ಚಿ ತಂದು ಬಾಗಿಲ ಹೊರಗೆ ಹಾಕಿದಳು.

"ಕೂತು ಹೊರಡ್ರಿ" ಎಂದಳು.