ಒಂದನೇ ಕ್ಲಾಸಿಗೆ ಹನ್ನೆರಡು ಕುರ್ಚಿ

ಇಲ್ಲ ಮಾರಾಯ್ರೆ, ಓದು ತಲೆಗೆ ಹತ್ತದೆ ಕಾಲೇಜು ಬಿಟ್ಟಿದ್ದಲ್ಲ. ನಂಗೆ ಒಂದು ಕಡೆ ಕೂರಕ್ಕಾಗಲ್ಲ, ಅಷ್ಟೆ. ನೀವು ಕೇಳಿಲ್ಲ, ಗೊತ್ತು. ಮರಗೆಲಸ ಮಾಡ್ತೀನಿ ಅಂದ ಕೂಡ್ಲೆ ನಿಮ್ಮ ಹುಬ್ಬು ಮೇಲೆ ಹೋಯ್ತಲ್ಲ, ಅದಕ್ಕೆ ಹೇಳಿದೆ. ಕೊಪ್ಪದಲ್ಲಿ ಕಾಲೇಜನ್ನ ಎರಡನೇ ವರ್ಷಕ್ಕೆ, ಎನ್.ಆರ್. ಪುರದಲ್ಲಿ ಮೊಬೈಲ್ ರಿಪೇರಿನ ಎರಡನೇ ತಿಂಗಳಿಗೆ, ಶೃಂಗೇರಿಯಲ್ಲಿ ಡ್ರೈವಿಂಗ್ ಕ್ಲಾಸನ್ನ ಎರಡನೇ ಗೇರಿಗೆ ಬಿಟ್ಟವನು ನಾನು. ಮರಗೆಲಸ ಇನ್ನೂ ಬಿಟ್ಟಿಲ್ಲ. ಆದ್ರೆ ಉಳಿ ಹಿಡಿದಲ್ಲೆಲ್ಲ ಏನಾದ್ರೊಂದು ಎಡವಟ್ಟು ಆಗದೇ ಇರಲ್ಲ.

ನಮ್ಮೂರ ಶಾಲೇಲಿ ಒಂದನೇ ಕ್ಲಾಸಿನ ಸಾಮಾನೆಲ್ಲ ಹಾಳಾಗಿತ್ತು. ನಂಗೆ ಅ ಆ ಕಲಿಸಿದ ಟೀಚರೇ ಈಗ್ಲೂ ಅಲ್ಲಿರೋದು. ಕರೆಸಿ ಹೇಳಿದ್ರು: "ಹೊಸ ಚಾಪೆ ಹಾಸು. ದಸರಾ ರಜೆ ಮುಗಿಯೋದ್ರೊಳಗೆ ಹನ್ನೆರಡು ಕುರ್ಚಿ ಮಾಡಿಕೊಡು. ಪೂರ್ತಿ ಮಾಡಿದ್ರೆ ದೊಡ್ಡ ಮಕ್ಕಳ ಬೆಂಚೂ ನಿಂಗೇ. ಅರ್ಧಕ್ಕೆ ಬಿಟ್ಯೋ, ಕೊಪ್ಪದಿಂದ ಮರಗೆಲಸದ ಆಚಾರ್ರನ್ನ ಕರೆಸ್ತೀನಿ."

ಮನೇಲಿ ಅಮ್ಮ ಆಗ್ಲೇ ಆಚಾರ್ರ ನಂಬರ್ ಹುಡುಕಿ ಇಟ್ಟಿದ್ರು.

೧. ತೂತು

ಹಳೇ ಚಾಪೆ ಅಂದ್ರೆ ಚಾಪೆಗಿಂತ ತೂತೇ ಜಾಸ್ತಿ. ರಜೆ ಇನ್ನೂ ಶುರುವಾಗಿರಲಿಲ್ಲ; ಬೆಳಿಗ್ಗೆ ಮಕ್ಕಳು ಬರೋ ಮುಂಚೆ ಎಳೆದು ಹೊರಗೆ ಹಾಕಿ, ಹೊಸದು ಹಾಸಿ, ಶಹಬ್ಬಾಸ್ ಅನ್ಸಿಕೊಳ್ಳಕ್ಕೆ ಬಾಗಿಲಲ್ಲಿ ನಿಂತೆ.

ಮಕ್ಕಳು ಬಂದ್ವು. ಒಂದೂ ಕೂರಲಿಲ್ಲ. ಒಂದು ಪುಟ್ಟಿ ತುಟಿ ಮುಂದೆ ಮಾಡಿ ಅಳಕ್ಕೆ ಶುರು ಮಾಡ್ತು.

"ಎಂತ ಆಯ್ತು ಪುಟ್ಟಿ?"

"ನನ್ನ ತೂತು ಎಲ್ಲಿ?"

ಟೀಚರ್ ಹಣೆ ಚಚ್ಚಿಕೊಂಡ್ರು. "ಒಬ್ಬೊಬ್ಬರಿಗೆ ಒಂದೊಂದು ತೂತಿನ ಪಕ್ಕ ಜಾಗ ಕಣೋ. ಯಾವ ತೂತು ಖಾಲಿಯೋ ಆ ಮಗು ಬಂದಿಲ್ಲ. ನನ್ನ ಹಾಜರಿ ಪುಸ್ತಕಾನೇ ಹೊರಗೆ ಹಾಕಿದ್ಯಲ್ಲೋ!"

ಕೊನೆಗೆ ಹೊಸ ಚಾಪೆ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ತೂತು ಬರೆದುಕೊಟ್ಟೆ. ಹೊಸ ಸಾಮಾನಿಗೆ ಮೊದಲೇ ತೂತು ಹಾಕಿ ಕೊಟ್ಟ ಕೆಲಸಗಾರ ಈ ತಾಲ್ಲೂಕಲ್ಲಿ ನಾನೊಬ್ಬನೇ ಇರಬೇಕು.

೨. ಅಜ್ಜನ ಕುರ್ಚಿ

ರಜೇಲಿ ಹನ್ನೆರಡೂ ಕುರ್ಚಿ ಮಾಡಿ ಹಳದಿ ಬಣ್ಣ ಹೊಡೆದೆ. ಮೂರು ದಿನ ಜಿರಿಜಿರಿ ಮಳೆ. ಮುಟ್ಟಿದ್ರೆ ಕುರ್ಚಿಗಿಂತ ನನ್ನ ಬೆರಳೇ ಹಳದಿ. ರಜೆ ಮುಗಿಯಕ್ಕೆ ಎರಡೇ ದಿನ. ಆಗ ತಲೆ ಓಡ್ತು: ಭಂಡಿಗಡಿ ಚಿಕ್ಕಪ್ಪನ ಮನೇಲಿ ಸೌದೆ ಉರಿಸಿ ಅಡಿಕೆ ಒಣಗಿಸೋ ಡ್ರೈಯರ್!

ಚಿಕ್ಕಪ್ಪ ಅಂದ್ರು, "ಇಟ್ಕೋ ಮಾರಾಯ. ಆದ್ರೆ ಒಂದೇ ಒಂದು ಅಡಿಕೆಗೆ ಹಳದಿ ಹತ್ತಿದ್ರೂ ನಿನ್ನನ್ನೇ ಸುಲೀತೀನಿ."

ಅಡಿಕೆಗೆ ಎಂತದೂ ಆಗಲಿಲ್ಲ. ಕುರ್ಚಿಗೇ ಆಗಿದ್ದು. ಹೊಗೆ ಕುಡಿದು ಹಳದಿ ಹೋಗಿ ಕಾಸಿದ ಬೆಲ್ಲದ ಬಣ್ಣ. "ಈಗಿನ ಫ್ಯಾಷನ್ ಇದೇ ಟೀಚರ್" ಅಂತ ಸುಳ್ಳು ಹೇಳಿ, ಶಾಲೆ ಶುರುವಾಗೋ ದಿನ ಬೆಳಿಗ್ಗೆ ಸಾಲಾಗಿ ಜೋಡಿಸಿದೆ.

ಅದೇ ಪುಟ್ಟಿ ಬಂದು ಕುರ್ಚಿ ಮೂಸಿತು. ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗೀತು.

"ಯಾಕೆ ಪುಟ್ಟಿ?"

"ಇದ್ರಲ್ಲಿ ನಮ್ಮಜ್ಜ ಇದಾರೆ."

೩. ಗಟ್ಟಿ

ಪುಟ್ಟಿಯ ತೀರಿಹೋದ ಅಜ್ಜನ ಮೈಯೂ ಹೀಗೇ ಅಡಿಕೆ ಹೊಗೆ ವಾಸನೆ ಬರ್ತಿತ್ತಂತೆ. ಅಜ್ಜ ಇರೋ ಕುರ್ಚೀಲಿ ಯಾರೂ ಕೂರಲ್ಲ ಅಂತ ಹಟ. ಬಾಗಿಲಲ್ಲಿ ಟೀಚರ್, ಕೈಯಲ್ಲಿ ಫೋನು. "ಆಚಾರ್ರಿಗೆ ಹೇಳಲಾ?" ಅಂದ್ರು. "ಮಕ್ಕಳು ಕೂರಲ್ಲ ಅಂದ್ರೆ ಕೆಲಸ ಮುಗಿದ ಹಾಗಲ್ಲ."

"ಯಾರೂ ಇಲ್ಲ ಇದ್ರಲ್ಲಿ! ನೋಡಿ, ನಾನೇ ಕೂರ್ತೀನಿ. ಎಷ್ಟು ಗಟ್ಟಿ ಅಂತಾನೂ ಗೊತ್ತಾಗುತ್ತೆ" ಅಂತ ಕೂತೇಬಿಟ್ಟೆ.

ಮಕ್ಕಳು ಉರುಳಬಾರ್ದು ಅಂತ ಕುರ್ಚಿಗೆ ಎರಡೂ ಕಡೆ ಕೈ ಇಟ್ಟು ಮಾಡಿದ್ದೆ. ಕುರ್ಚಿ ಕಿರ್ ಅನ್ನಲಿಲ್ಲ. ಗೆದ್ದೆ ಅಂತ ಎದ್ದೆ. ಕುರ್ಚೀನೂ ಎದ್ದು ಬಂತು.

ಬಗ್ಗಿದೆ, ಕುಲುಕಿದೆ, ಇಲ್ಲ. ಇಬ್ಬರು ಮಕ್ಕಳು ಕುರ್ಚಿ ಕಾಲು ಹಿಡಿದು ಎಳೆದ್ರು, ಇಬ್ಬರು ನನ್ನ ಕೈ ಹಿಡಿದು ಎಳೆದ್ರು. ಪುಟ್ಟಿ ಮಾತ್ರ ದೂರ ನಿಂತು, "ಅಜ್ಜ ಬಿಡ್ತಾ ಇಲ್ಲ" ಅಂತು. ನಗು ತಡೆಯಕ್ಕಾಗದೆ ಉಳಿದವೆಲ್ಲ ಧಡಧಡ ಸಿಕ್ಕಿದ ಕುರ್ಚೀಲಿ ಕೂತ್ವು. ಪುಟ್ಟಿನೂ ಮೆಲ್ಲಗೆ ಬಂದು ನನ್ನ ಪಕ್ಕದ್ದರಲ್ಲಿ ಕೂತ್ಕೊಳ್ತು.

ಟೀಚರ್ ನನಗೆ ಸಿಕ್ಕಿಹಾಕಿಕೊಂಡಿದ್ದನ್ನೂ ಸೇರಿಸಿ ಒಂದೊಂದೇ ಕುರ್ಚಿ ಎಣಿಸಿದ್ರು. ಹನ್ನೆರಡು. ಫೋನು ಬ್ಯಾಗಿಗೆ ಹಾಕಿದ್ರು.

"ಪೂರ್ತಿ ಮಾಡಿದ್ದೀಯ ಕಣೋ. ಬೆಂಚೂ ನಿಂಗೇ."

"ಟೀಚರ್, ಮೊದ್ಲು ಇದರಿಂದ ಬಿಡಿಸಿ!"

"ಬೇಡ ಮಕ್ಕಳೇ, ಯಾರೂ ಎಳೀಬೇಡಿ" ಅಂದ್ರು. "ಇವನು ಒಂದು ಕ್ಲಾಸಲ್ಲಿ ಬೆಲ್ ಹೊಡೆಯೋವರೆಗೂ ಕೂರೋದನ್ನ ನೋಡ್ಬೇಕು ಅಂತ ಹದಿನಾರು ವರ್ಷದಿಂದ ಕಾದಿದೀನಿ."

ಹೊರಗೆ ಹೋಗಿ ಬಾಗಿಲು ಹಾಕಿ ಕಿಟಕೀಲಿ ನಿಂತ್ರು.