ಐದನೆಯ ಇಂಗಾಲದ ಜಗಳ

ಊರ ಮಕ್ಕಳಿಗೆಲ್ಲ ತಾಳ್ಮೆಯಿಂದ ಪಾಠ ಹೇಳುವ ಮನುಷ್ಯ ಸ್ವಂತ ಮನೆಯವರಿಗೆ ಹೇಳಲು ಕುಳಿತೊಡನೆ ಯಾಕೆ ಹುಲಿಯಾಗುತ್ತಾನೋ, ನನಗಿನ್ನೂ ತಿಳಿದಿಲ್ಲ. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಹೇಳುತ್ತೇನೆ. ಅಲ್ಲಿ ಒಂದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೂ ನಗುತ್ತಲೇ ಉತ್ತರಿಸುತ್ತೇನೆ. ಆ ನಗು ಚಪ್ಪಲಿಯ ಜೊತೆ ಹೊಸ್ತಿಲಿನ ಹೊರಗೇ ಉಳಿಯುತ್ತದೆ ಎಂಬುದು ಹೆಂಡತಿ ಮಹಾದೇವಿಯ ದೂರು.

ಅವಳ ತಂಗಿ ಸುಮಾ ಪಿಯುಸಿ ಓದಲು ಸಂಗೊಳ್ಳಿಯಿಂದ ಬಂದು ನಮ್ಮಲ್ಲೇ ಉಳಿದಿದ್ದಳು. ವಿಜ್ಞಾನವೇ ಬೇಕೆಂದು ಅಪ್ಪನೊಂದಿಗೆ ಹಟ ಹಿಡಿದು ಬಂದ ಹುಡುಗಿ. ಮನೆಯಲ್ಲೇ ಮಾಸ್ತರ ಇದ್ದಾನಲ್ಲ ಎಂಬ ಧೈರ್ಯದ ಮೇಲೆ ಮಾವನವರು ಒಪ್ಪಿದ್ದರು. ಆ ಧೈರ್ಯ ಕೊಟ್ಟವನೂ ನಾನೇ.

ಕಿರುಪರೀಕ್ಷೆಯ ಹಿಂದಿನ ಸಂಜೆ, ಕವಲೊಡೆದ ಸಂಯುಕ್ತಗಳಿಗೆ ಹೆಸರಿಡುವುದನ್ನು ಹೇಳಲು ಕುಳಿತೆ. ಹೆಕ್ಸೇನ್ ಎಂದು ಕರೆಯುವ ಆರು ಇಂಗಾಲಗಳ ಸಾಲು ಬರೆದು, ಎಡದಿಂದ ಐದನೆಯದಕ್ಕೆ ಮೀಥೈಲ್ ಎಂಬ ಪುಟ್ಟ ಕವಲು ಅಂಟಿಸಿ ಹೆಸರು ಕೇಳಿದೆ. ಸುಮಾ ಎಡದಿಂದ ಎಣಿಸಿ '5-ಮೀಥೈಲ್ ಹೆಕ್ಸೇನ್' ಎಂದಳು. ತಪ್ಪೆಂದೆ. ಮತ್ತೆ ಎಣಿಸಿದಳು, ಮತ್ತೆ ಐದೇ ಬಂತು. ಬರೆಯುವುದು ಎಡದಿಂದಾದ ಮೇಲೆ ಎಣಿಸುವುದೂ ಎಡದಿಂದಲೇ ಅಲ್ಲವೇ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ನಾನು ಉತ್ತರ ಬಿಟ್ಟು ನಿಯಮ ಹೇಳಿದೆ. ಅವಳಿಗೆ ತಿಳಿಯದಿದ್ದಾಗ ಅದೇ ನಿಯಮವನ್ನು ಇನ್ನೂ ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಯವರು ಟಿವಿಯ ಧ್ವನಿ ಕಡಿಮೆ ಮಾಡಿದರು. ನಮ್ಮ ಮನೆಯದೇ ಹೆಚ್ಚು ರಂಜಕವಾಗಿತ್ತೇನೋ.

ಸುಮಾ ಪುಸ್ತಕ ಮುಚ್ಚಿದಳು. "ನಾಳೆ ಊರಿಗೆ ಹೋಗ್ತೇನಿ ಅಕ್ಕಾ. ಆರ್ಟ್ಸ್ ತಗೋತೇನಿ," ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ದಿಗಿಲಾಗುತ್ತಿರಲಿಲ್ಲ.

ಇತಿಹಾಸ ಓದಿದ ಮಹಾದೇವಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ನಡುವೆ ಕುಳಿತಳು. "ಮೊದಲ ನನಗ ಹೇಳ್ರಿ. ನನ್ನ ಮುಂದ ನಿಮ್ಮ ದನಿ ಏರೂದಿಲ್ಲ."

ಏರಲಿಲ್ಲ. ಅವಳು ಆ ತುದಿಯಿಂದ ಎಣಿಸಿದಳು, ಈ ತುದಿಯಿಂದ ಎಣಿಸಿದಳು. ಎಡದಿಂದ ಐದು, ಬಲದಿಂದ ಎರಡು. ಸಣ್ಣ ಸಂಖ್ಯೆ ಬರುವ ಕಡೆಯಿಂದ ಎಣಿಸಬೇಕು, ಇಷ್ಟೇ ತಾನೆ ಎಂದು ಕೇಳಿದಳು. ಇಷ್ಟೇ ಎಂದೆ. ಸುಮಾ '2-ಮೀಥೈಲ್ ಹೆಕ್ಸೇನ್' ಎಂದು ಬರೆದು, ಇಷ್ಟು ಹೇಳಲು ಇಷ್ಟು ಹೊತ್ತು ಯಾಕೆ ಬೇಕಾಯಿತೆಂದು ಕೇಳಿದಳು. ಕೇಳಿದ್ದು ಅಕ್ಕನನ್ನು, ನನ್ನನ್ನಲ್ಲ.

ಮಾನ ಉಳಿಸಿಕೊಳ್ಳಲು ಕಠಿಣವಾದದ್ದೊಂದನ್ನು ಬರೆದೆ: ಐದು ಇಂಗಾಲಗಳ ನೇರ ಸಾಲು, ಎರಡನೆಯದಕ್ಕೆ ಎರಡು ಇಂಗಾಲಗಳ ಕವಲು. '2-ಈಥೈಲ್ ಪೆಂಟೇನ್' ಎಂದು ಮನಸ್ಸಿನಲ್ಲೇ ಹೆಸರಿಟ್ಟು ಕಾದೆ. ಸುಮಾ ಬಹಳ ಹೊತ್ತು ನೋಡಿದಳು. ಆಮೇಲೆ ಕವಲಿನ ತುದಿಯಿಂದ ಬೆರಳಿಳಿಸಿ, ತಿರುವಿನಲ್ಲಿ ಹೊರಳಿಸಿ, ಸಾಲಿನ ಕೊನೆಯವರೆಗೆ ಒಯ್ದಳು.

"ಹಿಂಗ ಬಂದ್ರ ಆರು ಆಗತಾವಲ್ರೀ ಮಾಮಾ. ಉದ್ದನ್ನ ಸರಪಳಿ ಸೊಟ್ಟ ಐತಿ."

ನಿಜ. ಹೆಸರಿಡಬೇಕಾದದ್ದು ಎಲ್ಲಕ್ಕಿಂತ ಉದ್ದದ ಸರಪಳಿಗೆ, ಅದು ಸೊಟ್ಟಗಿದ್ದರೂ. ಅದು '3-ಮೀಥೈಲ್ ಹೆಕ್ಸೇನ್'. ನೀನು ಕಂಡುಹಿಡಿಯುತ್ತೀಯೋ ಇಲ್ಲವೋ ನೋಡಲೆಂದೇ ಹಾಗೆ ಕೊಟ್ಟೆ ಎಂದೆ. ಅಕ್ಕತಂಗಿಯರಿಬ್ಬರೂ ನಂಬಿದಂತೆ ಮಾಡಿದರು.

ಸುಮಾ ಊರಿಗೆ ಹೋಗಲಿಲ್ಲ. ಪರೀಕ್ಷೆಯನ್ನೂ ಚೆನ್ನಾಗಿ ಬರೆದಳು. ಸುದ್ದಿ ಓಣಿಯಲ್ಲಿ ಹಬ್ಬಿತು. ಕೆಲವು ದಿನಗಳ ಮೇಲೆ ಎದುರು ಮನೆಯಾಕೆ ಮಗಳನ್ನು ಪುಸ್ತಕಸಮೇತ ಕರೆತಂದರು. ನಾನು ಕನ್ನಡಕ ಒರೆಸಿ, ಕಾಲರು ಸರಿ ಮಾಡಿಕೊಂಡು ಎದ್ದು ನಿಂತೆ.

"ನೀವು ಕುಂಡ್ರಿ ಸರ್," ಎಂದರು ಆಕೆ ಸಂಕೋಚದಿಂದ. "ಕೆಮಿಸ್ಟ್ರಿ ಕೇಳೂದಿತ್ತು. ಮಹಾದೇವಿ ಅಕ್ಕಾರು ಅದಾರೇನ್ರಿ?"